‘ಈ ದ್ವೀಪಗಳು’

ಕೆಲವು ವರ್ಷಗಳ ಹಿಂದೆ ಮಕ್ಕಳ ಭೂಪಟವೊಂದಕ್ಕೆ ಕನ್ನಡದಲ್ಲಿ ಸ್ಥಳನಾಮಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಸುಲಭದ ಕೆಲಸವೆಂದೇ ಒಪ್ಪಿಕೊಂಡೆ. ಏಷ್ಯ ಮುಗಿಯಿತು, ಆಫ್ರಿಕ ಮುಗಿಯಿತು; ಯೂರೋಪಿನ ವಾಯವ್ಯ ಮೂಲೆಗೆ ಬಂದೆ. ಅಲ್ಲಿ ಎರಡು ದೊಡ್ಡ ದ್ವೀಪಗಳು, ಅವುಗಳ ಸುತ್ತ ಲೆಕ್ಕವಿಲ್ಲದಷ್ಟು ಚಿಕ್ಕವು. ನಾನು ಶಾಲೆಯಲ್ಲಿ ಓದಿದ ಪುಸ್ತಕದಲ್ಲಿ ಅವಕ್ಕೆ ‘ಬ್ರಿಟಿಷ್ ದ್ವೀಪಗಳು’ ಎಂಬ ಹೆಸರಿತ್ತು. ಅದನ್ನೇ ಬರೆದು, ಕರಡನ್ನು ಪರಿಚಿತರಾದ ಒಬ್ಬ ವೃದ್ಧ ಐರಿಷ್ ಪಾದ್ರಿಗಳಿಗೆ ತೋರಿಸಿದೆ. ಆಯುಷ್ಯದ ಬಹುಭಾಗವನ್ನು ನಮ್ಮ ನಾಡಿನಲ್ಲೇ ಪಾಠ ಹೇಳುತ್ತ ಕಳೆದವರು; ಕನ್ನಡವನ್ನು ಚೆನ್ನಾಗಿ ಓದಬಲ್ಲವರು. ಅವರು ಏನನ್ನೂ ಹೇಳಲಿಲ್ಲ. ಸೀಸದಕಡ್ಡಿಯನ್ನು ತೆಗೆದುಕೊಂಡು ‘ಬ್ರಿಟಿಷ್’ ಎಂಬ ಪದದ ಕೆಳಗೆ ಒಂದು ಗೆರೆ ಎಳೆದರು. ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆಯನ್ನಿಟ್ಟು, ಕಾಗದವನ್ನು ನನ್ನ ಕಡೆಗೆ ಸರಿಸಿ ನಕ್ಕರು. ಆ ಚಿಹ್ನೆಯ ಬೆನ್ನು ಹತ್ತಿ ನಾನು ತಿಳಿದುಕೊಂಡ ಸಂಗತಿಗಳಲ್ಲಿ ಕೆಲವನ್ನು ಇಂದು ಕೇಳುಗರ ಮುಂದಿಡುತ್ತಿದ್ದೇನೆ.

ನಮ್ಮಲ್ಲಿ ಇಂಥ ಪ್ರಶ್ನೆ ಏಳುವುದು ಅಪೂರ್ವ. ಸಮುದ್ರ ದಾಟಿ ಬಂದು ನಮ್ಮನ್ನು ಆಳಿದವರೆಲ್ಲ ನಮಗೆ ಇಂಗ್ಲಿಷರು; ಅವರ ದೇಶ ಇಂಗ್ಲೆಂಡು. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಐರ್ಲೆಂಡಿನಲ್ಲಿ. ಮೈಸೂರು ಸೀಮೆಯನ್ನು ಅಳೆದು, ನಮ್ಮ ಕೈಫಿಯತ್ತುಗಳನ್ನೂ ಶಾಸನಗಳ ನಕಲುಗಳನ್ನೂ ರಾಶಿ ಹಾಕಿದ ಕಾಲಿನ್ ಮೆಕೆಂಜಿ, ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದವನು. ತಾಮಸ್ ಮನ್ರೋ ಗ್ಲಾಸ್ಗೋ ಪಟ್ಟಣದವನು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದು ಬೆಂಗಳೂರಿನ ಉದ್ಯಾನಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ಮಾರ್ಕ್ ಕಬ್ಬನ್ ಮ್ಯಾನ್ ದ್ವೀಪದವನು. ಆ ದ್ವೀಪವಂತೂ ಇಂಗ್ಲೆಂಡಿಗೂ ಸೇರಿಲ್ಲ, ಯುನೈಟೆಡ್ ಕಿಂಗ್‌ಡಮ್ಮಿಗೂ ಸೇರಿಲ್ಲ. ಸ್ವಂತ ಶಾಸನಸಭೆಯನ್ನಿಟ್ಟುಕೊಂಡು ನೇರವಾಗಿ ದೊರೆಯ ಕಿರೀಟಕ್ಕೆ ಅಧೀನವಾಗಿರುವ ಭೂಮಿ. ನಾವು ಇಂಗ್ಲಿಷರೆಂದು ಕರೆಯುವ ಈ ನಾಲ್ವರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು ಒಬ್ಬನೂ ಇಲ್ಲ. ವೆಲ್ಲೆಸ್ಲಿಯ ವಿಷಯದಲ್ಲಿ ಒಂದು ಚಾಟೂಕ್ತಿಯುಂಟು: ಲಾಯದಲ್ಲಿ ಹುಟ್ಟಿದ ಮಾತ್ರಕ್ಕೆ ಮನುಷ್ಯ ಕುದುರೆಯಾಗುವುದಿಲ್ಲ ಎಂದು. ತನ್ನ ಐರಿಷ್ ಹುಟ್ಟನ್ನು ಕುರಿತು ಅವನೇ ಆಡಿದ ಮಾತೆಂದು ಅದು ಪ್ರಚಾರದಲ್ಲಿದೆ. ವಾಸ್ತವವಾಗಿ ಆಡಿದವನು ಐರ್ಲೆಂಡಿನ ಜನನಾಯಕ ಡೇನಿಯಲ್ ಓಕಾನೆಲ್. ವೆಲ್ಲೆಸ್ಲಿ ನಮ್ಮವನಲ್ಲ ಎಂದು ಹಳಿಯುವುದಕ್ಕೆ ಆಡಿದ್ದು. ಮಾತು ಒಂದೇ, ಬಾಯಿ ಬದಲಾದರೆ ದೇಶವೇ ಬದಲಾಗುತ್ತದೆ.

ಮೊದಲು ಕೆಲವು ಹೆಸರುಗಳನ್ನು ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು. ಗ್ರೇಟ್ ಬ್ರಿಟನ್ ಎಂಬುದು ದೊಡ್ಡ ದ್ವೀಪದ ಹೆಸರು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಅದರ ಮೇಲಿವೆ. ಅದರ ಪಶ್ಚಿಮಕ್ಕಿರುವ ದ್ವೀಪ ಐರ್ಲೆಂಡ್. ಆ ದ್ವೀಪದ 32 ಕೌಂಟಿಗಳಲ್ಲಿ 26 ಸೇರಿ ಒಂದು ಸ್ವತಂತ್ರ ರಾಷ್ಟ್ರ. ಉಳಿದ ಆರು ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಗ್ರೇಟ್ ಬ್ರಿಟನ್ನಿನೊಡನೆ ಕೂಡಿ ಯುನೈಟೆಡ್ ಕಿಂಗ್‌ಡಮ್ ಎನಿಸಿಕೊಳ್ಳುತ್ತವೆ. ಇಷ್ಟನ್ನು ಹೇಳುವಷ್ಟರಲ್ಲಿ ನಾನು ಕನಿಷ್ಠ ಎರಡು ಪಕ್ಷಗಳ ಅಸಮಾಧಾನಕ್ಕೆ ಪಾತ್ರನಾಗಿದ್ದೇನೆ. ಏಕೆಂಬುದು ಮುಂದೆ ತಿಳಿಯುತ್ತದೆ.

ಬ್ರಿಟನ್ ಎಂಬ ಪದ ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಆ ಕಡಲುಗಳಲ್ಲಿ ಸಂಚರಿಸಿದ ಪೈಥಿಯಸ್ ಎಂಬ ಗ್ರೀಕ್ ನಾವಿಕನ ಗ್ರಂಥ ನಷ್ಟವಾಗಿದೆ. ಆದರೆ ಅವನ ತರುವಾಯ ಬಂದ ಗ್ರಂಥಕಾರರು ಆ ದ್ವೀಪಸಮೂಹವನ್ನು ಪ್ರೆಟಾನಿಕ್ ದ್ವೀಪಗಳೆಂದು ಕರೆದರು. ಟಾಲೆಮಿ ತನ್ನ ಖಗೋಳಗ್ರಂಥದಲ್ಲಿ ಒಂದನ್ನು ದೊಡ್ಡ ಬ್ರಿಟನ್ ಎಂದೂ ಐರ್ಲೆಂಡನ್ನು ಚಿಕ್ಕ ಬ್ರಿಟನ್ ಎಂದೂ ಹೇಳಿದ್ದಾನೆ. ‘ಬ್ರಿಟಿಷ್ ದ್ವೀಪಗಳು’ ಎಂಬುದು ಬರಿಯ ಭೂಗೋಳದ ಮಾತು, ಅದರಲ್ಲಿ ರಾಜಕೀಯವಿಲ್ಲ ಎನ್ನುವವರು ಈ ಟಾಲೆಮಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಒಪ್ಪದವರು ಅವನ ಇನ್ನೊಂದು ಗ್ರಂಥವನ್ನು ಬಿಚ್ಚಿ ತೋರಿಸುತ್ತಾರೆ. ಅಲ್ಲಿ ಅವೇ ದ್ವೀಪಗಳಿಗೆ ಆಲ್ಬಿಯನ್, ಇವೆರ್ನಿಯ ಎಂಬ ಬೇರೆ ಬೇರೆ ಹೆಸರುಗಳಿವೆ. ಪ್ರಾಚೀನತೆಯನ್ನು ನೆಚ್ಚಿಕೊಂಡು ಇಂಥ ವ್ಯಾಜ್ಯವನ್ನು ಗೆಲ್ಲಲಾಗದೆಂಬುದಕ್ಕೆ ಇನ್ನೂ ವಿನೋದವಾದ ನಿದರ್ಶನವಿದೆ. ಮಧ್ಯಯುಗದ ಮೊದಲ ಭಾಗದಲ್ಲಿ ಲ್ಯಾಟಿನ್ನಿನ ‘ಸ್ಕಾಟಿಯ’ ಎಂಬ ಪದಕ್ಕೆ ಐರ್ಲೆಂಡ್ ಎಂದೇ ಅರ್ಥ. ಆ ಕಾಲದ ದಾರ್ಶನಿಕ ಜೊಹಾನೆಸ್ ಸ್ಕೋಟಸ್ ಎರಿಯುಜೆನ, ಹೆಸರಿನಲ್ಲಿ ಸ್ಕಾಟ್ ಇದ್ದರೂ, ಅಪ್ಪಟ ಐರಿಷರವನು. ಐರ್ಲೆಂಡಿನಿಂದ ಹೊರಟ ಜನ ಎದುರು ದಂಡೆಯಲ್ಲಿ ನೆಲೆಸಿದರು. ಹೆಸರೂ ಅವರ ಜೊತೆಗೆ ಕಡಲು ದಾಟಿ, ಕ್ರಮೇಣ ಅಲ್ಲಿಯೇ ಉಳಿದುಬಿಟ್ಟಿತು.

ಇಂಗ್ಲಿಷ್ ಭಾಷೆಯಲ್ಲಿ ‘ಬ್ರಿಟಿಷ್ ದ್ವೀಪಗಳು’ ಎಂಬ ಮಾತು ಬಳಕೆಗೆ ಬಂದದ್ದು 16 ಮತ್ತು 17ನೆಯ ಶತಮಾನಗಳಲ್ಲಿ. ಲಂಡನ್ನಿನ ಅರಸೊತ್ತಿಗೆ ಐರ್ಲೆಂಡನ್ನು ಪೂರ್ತಿಯಾಗಿ ಗೆದ್ದುಕೊಂಡದ್ದೂ ಆಗಲೇ. ಎಲಿಜಬೆತ್ ರಾಣಿಯ ಆಸ್ಥಾನಕ್ಕೆ ಬೇಕಾದವನಾಗಿದ್ದ ಗಣಿತಜ್ಞ ಜಾನ್ ಡೀ, ‘ಬ್ರಿಟಿಷ್ ಸಾಮ್ರಾಜ್ಯ’ ಎಂಬ ಮಾತನ್ನು 1577ರ ಹೊತ್ತಿಗೇ ಬಳಸಿದ್ದ. ಆದುದರಿಂದ ಐರಿಷರ ಕಿವಿಗೆ ಈ ವಿಶೇಷಣ ಗ್ರೀಕ್ ನಾವಿಕರ ಕಡೆಯಿಂದ ಬಂದಂತೆ ಕೇಳುವುದಿಲ್ಲ. ದಂಡಿನ ಜೊತೆಗೆ ಬಂದಂತೆ ಕೇಳುತ್ತದೆ. ಪಾಲಾಗಿ ಬೇರೆ ಹೋದ ತಮ್ಮನ ಮನೆಯನ್ನೂ ಅಣ್ಣನ ಹೆಸರಿನಿಂದಲೇ ಕರೆಯುತ್ತಿದ್ದರೆ ತಮ್ಮನಿಗೆ ಹೇಗಾದೀತು? 2005ರಲ್ಲಿ ಡಬ್ಲಿನ್ನಿನ ವಿದೇಶಾಂಗ ಮಂತ್ರಿ ಪಾರ್ಲಿಮೆಂಟಿನಲ್ಲಿ, ಇದು ಅಧಿಕೃತವಾಗಿ ಮಾನ್ಯವಾದ ಹೆಸರಲ್ಲವೆಂದು ಉತ್ತರ ಕೊಟ್ಟರು. 2006ರಲ್ಲಿ ಅಲ್ಲಿಯ ಪಠ್ಯಪುಸ್ತಕ ಪ್ರಕಾಶನವೊಂದು ತನ್ನ ಶಾಲಾ ಭೂಪಟದಿಂದ ಈ ಹೆಸರನ್ನು ತೆಗೆದುಹಾಕಿತು. ನನ್ನ ಪಾದ್ರಿಗಳ ಪ್ರಶ್ನೆಗೆ ಇಷ್ಟೇ ಉತ್ತರ ಸಾಕಾಗಿತ್ತು. ಆದರೆ ಒಂದು ಹೆಸರನ್ನು ಅಲುಗಿಸಿದೊಡನೆ ಅದರ ಪಕ್ಕದವೆಲ್ಲ ಅಲುಗತೊಡಗಿದವು.

ಐರ್ಲೆಂಡಿನ ಊರುಗಳ ಹೆಸರುಗಳು ಇಂದಿನ ರೂಪಕ್ಕೆ ಬಂದ ಬಗೆಯನ್ನು ಸ್ವಲ್ಪ ಹೇಳಬೇಕು. 1824ರಲ್ಲಿ ತಾಮಸ್ ಕೋಲ್ಬಿ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ಇಡೀ ದ್ವೀಪದ ಮೋಜಣಿ ಆರಂಭವಾಯಿತು. ಉದ್ದೇಶ ಕಂದಾಯ: ತೆರಿಗೆಯ ಹಂಚಿಕೆ ನ್ಯಾಯವಾಗಬೇಕಾದರೆ ಹಳ್ಳಿಹಳ್ಳಿಯ ವಿಸ್ತೀರ್ಣ ಗೊತ್ತಿರಬೇಕು. ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ನಕ್ಷೆ ಸಿದ್ಧವಾಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಹಳ್ಳಿಗಳ ಹೆಸರುಗಳನ್ನು ಇಂಗ್ಲಿಷ್ ಅಕ್ಷರಸಂಯೋಜನೆಯಲ್ಲಿ ಬರೆಯಬೇಕಾಯಿತು. ಈ ಮೋಜಣಿಗೂ ನಮಗೂ ಒಂದು ನೇರ ಸಂಬಂಧವಿದೆ. ಬಿಸಿಲು ಚಳಿಗಳಿಗೆ ಹಿಗ್ಗದೆ ಕುಗ್ಗದೆ ಇರುವಂತೆ ಕೋಲ್ಬಿ ರಚಿಸಿದ ಲೋಹದ ಅಳತೆಪಟ್ಟಿಗಳಿಂದ ಡೆರಿ ಪಟ್ಟಣದ ಹತ್ತಿರದ ಫಾಯ್ಲ್ ಖಾರಿಯ ದಂಡೆಯಲ್ಲಿ ಆಧಾರರೇಖೆಯನ್ನು ಅಳೆದರು. 1829ರಲ್ಲಿ ಜಾರ್ಜ್ ಎವರೆಸ್ಟ್ ಅಲ್ಲಿಗೆ ಹೋಗಿ ಕೆಲಸವನ್ನು ನೋಡಿ, ಅಂಥವೇ ಪಟ್ಟಿಗಳನ್ನು ಭಾರತಕ್ಕೆ ತಂದ. ಬೀದರಿನಲ್ಲಿ 1841ರಲ್ಲೂ ಬೆಂಗಳೂರಿನಲ್ಲಿ 1867-68ರಲ್ಲೂ ನಮ್ಮ ನೆಲವನ್ನು ಅಳೆದದ್ದು ಆ ಐರಿಷ್ ಮೋಜಣಿಯ ಉಪಕರಣದಿಂದ.

ಡೆರಿ ಪಟ್ಟಣದಲ್ಲಿ 1980ರಲ್ಲಿ ಮೊದಲ ಪ್ರಯೋಗ ಕಂಡ ಬ್ರಯನ್ ಫ್ರೀಲನ ‘ಟ್ರಾನ್ಸ್‌ಲೇಷನ್ಸ್’ ನಾಟಕದ ವಸ್ತು ಈ ಮೋಜಣಿಯೇ. ಅದರಲ್ಲಿ ಇಂಗ್ಲಿಷ್ ಸಿಪಾಯಿಗಳು ಬಂದು ಒಂದು ಹಳ್ಳಿಯ ಹೆಸರುಗಳನ್ನು ಅಳಿಸಿ ಇಂಗ್ಲಿಷಿನಲ್ಲಿ ಹೊಸದಾಗಿ ಇಡುತ್ತಾರೆ. ನಾಟಕವಾಗಿ ಅದು ದೊಡ್ಡ ಕೃತಿ. ಆದರೆ ಇತಿಹಾಸ ಅಷ್ಟು ಸರಳವಾಗಿಲ್ಲ. ಹೆಸರುಗಳ ಶೋಧನೆಯನ್ನು ಮಾಡಿದವನು ಜಾನ್ ಓಡೊನೊವನ್ ಎಂಬ ಐರಿಷ್ ವಿದ್ವಾಂಸ. ಊರೂರು ತಿರುಗಿ, ಮುದುಕರ ಬಾಯಿಂದ ಉಚ್ಚಾರಣೆಯನ್ನು ಕೇಳಿ, ಹಳೆಯ ಹಸ್ತಪ್ರತಿಗಳೊಡನೆ ಹೋಲಿಸಿ, ಮೂಲಕ್ಕೆ ಹತ್ತಿರವಾದ ರೂಪವನ್ನು ಆರಿಸಿದ. ಅವನ ಮೇಲಿನ ಅಧಿಕಾರಿ ತಾಮಸ್ ಲಾರ್ಕಮ್ ಅವನಿಂದಲೇ ಐರಿಷ್ ಭಾಷೆಯನ್ನು ಕಲಿತ. ದ್ವೇಷದಿಂದ ಯಾರೂ ಏನನ್ನೂ ಅಳಿಸಲಿಲ್ಲ. ಅಳಿಸಿದ್ದು ಬೇರೆಯೇ ಒಂದು ಶಕ್ತಿ. 1846ರಲ್ಲಿ ಕೊನೆಯ ಕೌಂಟಿಯ ನಕ್ಷೆ ಹೊರಬಂದಾಗ ಆಲೂಗಡ್ಡೆಯ ಬೆಳೆ ಕೊಳೆತು ಮಹಾಕ್ಷಾಮ ತೊಡಗಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೆ ಕಡಿಮೆಯಿಲ್ಲದಷ್ಟು ಜನ ಹಡಗು ಹತ್ತಿದರು. ಐರಿಷ್ ಭಾಷೆಯನ್ನಾಡುತ್ತಿದ್ದ ಪಶ್ಚಿಮದ ಬಡವರಿಗೇ ಪೆಟ್ಟು ಹೆಚ್ಚಾಗಿ ಬಿದ್ದಿತು. ನಕ್ಷೆಯ ಮೇಲೆ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಉಳಿದವು. ಅವುಗಳ ಅರ್ಥವನ್ನು ಬಲ್ಲವರು ಉಳಿಯಲಿಲ್ಲ.

ಸ್ವಾತಂತ್ರ್ಯದ ಹೋರಾಟದೊಂದಿಗೆ ಹೆಸರುಗಳ ಪುನಃಸ್ಥಾಪನೆಯೂ ಮೊದಲಾಯಿತು. 1821ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಬಂದುಹೋದ ನೆನಪಿಗೆ ಕಿಂಗ್ಸ್‌ಟೌನ್ ಆಗಿದ್ದ ಬಂದರು ಡನ್ ಲೀರಿ ಎಂಬ ತನ್ನ ಹಳೆಯ ಹೆಸರಿಗೆ ಮರಳಿತು. 1849ರಲ್ಲಿ ವಿಕ್ಟೋರಿಯ ರಾಣಿಗಾಗಿ ಕ್ವೀನ್ಸ್‌ಟೌನ್ ಆಗಿದ್ದ ಬಂದರು ‘ಕೋವ್’ ಆಯಿತು. ಇಲ್ಲೊಂದು ತಮಾಷೆಯಿದೆ. ಕೋವ್ ಎಂಬುದು ಖಾರಿ ಎಂಬರ್ಥದ ಇಂಗ್ಲಿಷ್ ಪದ; ದೇಶಾಭಿಮಾನಿಗಳು ಅದಕ್ಕೆ ಐರಿಷ್ ಅಕ್ಷರಸಂಯೋಜನೆಯ ಅಂಗಿಯನ್ನು ತೊಡಿಸಿದರು, ಅಷ್ಟೆ. ಇತ್ತ, ಇಂಗ್ಲಿಷಿನದೆಂದು ತೋರುವ ಡಬ್ಲಿನ್ ಎಂಬ ಹೆಸರು ‘ಕಪ್ಪು ಮಡು’ ಎಂಬರ್ಥದ ಐರಿಷ್ ಪದವೇ. ಪಶ್ಚಿಮದ ಡಿಂಗಲ್ ಎಂಬ ಊರಿನ ಕಥೆ ಈಚಿನದು. ಸರ್ಕಾರ 2005ರಲ್ಲಿ ಆ ಊರಿಗೆ ಐರಿಷ್ ಹೆಸರು ಮಾತ್ರ ಇರತಕ್ಕದ್ದೆಂದು ಆಜ್ಞೆ ಮಾಡಿತು. ಪ್ರವಾಸಿಗಳನ್ನು ನಂಬಿ ಬದುಕುವ ಊರಿನವರು ಮರುವರ್ಷ ತಮ್ಮೊಳಗೆ ಮತ ಹಾಕಿ, ಹತ್ತರಲ್ಲಿ ಒಂಬತ್ತು ಪಾಲಿಗೂ ಮೀರಿದ ಬಹುಮತದಿಂದ ಎರಡು ಹೆಸರೂ ಬೇಕೆಂದರು. ಸ್ವಂತ ಸರ್ಕಾರವೇ ಇಟ್ಟರೂ ಹೆಸರು ಮೇಲಿನಿಂದ ಬಂದರೆ ಜನ ಒಪ್ಪುವುದಿಲ್ಲವೆಂದು ಕಾಣುತ್ತದೆ.

ಊರುಗಳ ಮಾತು ಹಾಗಿರಲಿ. ಆ ಹೊಸ ರಾಷ್ಟ್ರದ ಹೆಸರೇ ಒಂದು ದೊಡ್ಡ ಜಟಿಲ ಸಮಸ್ಯೆಯಾಯಿತು. 1916ರ ಬಂಡಾಯದ ಘೋಷಣೆಯಲ್ಲಿ ಗಣರಾಜ್ಯಕ್ಕೆ ‘ಪೊಬ್ಲಖ್ತ್’ ಎಂಬ ಹೊಸದಾಗಿ ಟಂಕಿಸಿದ ಐರಿಷ್ ಪದವಿತ್ತು. 1919ರ ಸ್ವಾತಂತ್ರ್ಯ ಘೋಷಣೆಯ ಐರಿಷ್ ಪಾಠದಲ್ಲಿ ಅದೇ ಅರ್ಥಕ್ಕೆ ‘ಸೀರ್‌ಸ್ತಾತ್’ ಎಂಬ ಪದವನ್ನು ಬಳಸಿದರು. ಪದಶಃ ಹೇಳುವುದಾದರೆ ಸ್ವತಂತ್ರ ರಾಜ್ಯ. 1921ರ ಜುಲೈ ತಿಂಗಳಲ್ಲಿ ಡಿ ವೆಲೆರ ಲಂಡನ್ನಿಗೆ ಹೋಗಿ ಪ್ರಧಾನಮಂತ್ರಿ ಲಾಯ್ಡ್ ಜಾರ್ಜನನ್ನು ಕಂಡಾಗ ಅವನ ಕಾಗದಪತ್ರದ ಶಿರೋಭಾಗದಲ್ಲಿ ಆ ಪದವಿತ್ತು. ಲಾಯ್ಡ್ ಜಾರ್ಜ್ ಇಂಗ್ಲಿಷನಲ್ಲ, ವೇಲ್ಸ್ ಸೀಮೆಯವನು. ಅವನ ತಾಯ್ನುಡಿ ಐರಿಷ್ ಭಾಷೆಯ ದೂರದ ತಂಗಿ. ಅದರ ಶಬ್ದಾರ್ಥವೇನೆಂದು ಅವನು ಕೇಳಿದನಂತೆ. ಸ್ವತಂತ್ರ ರಾಜ್ಯವೆಂದು ತಿಳಿದಮೇಲೆ, ತನ್ನ ಕಾರ್ಯದರ್ಶಿ ತಾಮಸ್ ಜೋನ್ಸನೊಡನೆ ವೇಲ್ಸಿನ ಭಾಷೆಯಲ್ಲೇ ಸ್ವಲ್ಪ ಹೊತ್ತು ಮಾತನಾಡಿ, ಕೆಲ್ಟ್ ಜನರಿಗೆ ಗಣರಾಜ್ಯಕ್ಕೆ ಸ್ವಂತ ಪದವೇ ಇಲ್ಲವೆಂದ ಮೇಲೆ ಅದು ಅವರ ಕಲ್ಪನೆಯಲ್ಲೇ ಇರಲಿಲ್ಲವಲ್ಲ ಎಂದು ಚುಚ್ಚಿದನಂತೆ. ವಿನೋದದ ಮಾತು, ಆದರೆ ಆ ವರ್ಷದ ಡಿಸೆಂಬರಿನಲ್ಲಿ ಒಪ್ಪಂದಕ್ಕೆ ರುಜು ಬಿದ್ದಾಗ ಹೊಸ ರಾಜ್ಯಕ್ಕೆ ಇಂಗ್ಲಿಷಿನಲ್ಲಿ ಕೊಟ್ಟ ಹೆಸರು ‘ಐರಿಷ್ ಫ್ರೀ ಸ್ಟೇಟ್’ ಎಂದೇ. ಐರಿಷ್ ಭಾಷೆಯಲ್ಲಿ ಓದುವವನಿಗೆ ಅದು 1919ರ ಗಣರಾಜ್ಯದ ಹೆಸರೇ. ಇಂಗ್ಲಿಷಿನಲ್ಲಿ ಓದುವವನಿಗೆ ದೊರೆಗೆ ವಿಧೇಯವಾದ ಒಂದು ಡೊಮಿನಿಯನ್. ಒಂದೇ ಪದಕ್ಕೆ ಎರಡು ಮುಖ. ಈ ಜಾಣ್ಮೆಯಿಂದ ರುಜು ಸಾಧ್ಯವಾಯಿತು, ಶಾಂತಿ ಸಾಧ್ಯವಾಗಲಿಲ್ಲ. ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ವಿಧಿ, ಗಣರಾಜ್ಯ ಕೈಬಿಟ್ಟಿತೆಂಬ ನೋವು, ಇವುಗಳಿಂದ 1922-23ರಲ್ಲಿ ಐರಿಷರು ಐರಿಷರನ್ನೇ ಕೊಂದರು.

1937ರಲ್ಲಿ ಡಿ ವೆಲೆರ ತಂದ ಹೊಸ ಸಂವಿಧಾನದ ನಾಲ್ಕನೆಯ ವಿಧಿ ರಾಷ್ಟ್ರದ ಹೆಸರು ‘ಏರಾ’, ಇಂಗ್ಲಿಷ್ ಭಾಷೆಯಲ್ಲಿ ‘ಐರ್ಲೆಂಡ್’ ಎಂದು ಸಾರಿತು. ಲಂಡನ್ನಿಗೆ ಇಕ್ಕಟ್ಟಾಯಿತು. ಐರ್ಲೆಂಡ್ ಎಂದರೆ ಇಡೀ ದ್ವೀಪ. ಆ ಹೆಸರನ್ನು ಒಪ್ಪಿದರೆ ಉತ್ತರದ ಆರು ಕೌಂಟಿಗಳ ಮೇಲಿನ ಹಕ್ಕನ್ನೂ ಒಪ್ಪಿದಂತೆ. ಆದುದರಿಂದ ಬ್ರಿಟಿಷ್ ಸರ್ಕಾರ ಇಂಗ್ಲಿಷಿನಲ್ಲಿ ಬರೆಯುವಾಗಲೂ ‘ಏರಾ’ ಎಂದೇ ಬರೆಯತೊಡಗಿತು. ಐರಿಷ್ ಭಾಷೆಯಲ್ಲಿ ಏರಾ ಎಂದರೂ ಇಡೀ ದ್ವೀಪವೇ! ಐರಿಷ್ ಪದವನ್ನು ಗೌರವಕ್ಕಾಗಿ ಬಳಸಿದ್ದಲ್ಲ, ತಮ್ಮ ಓದುಗರಿಗೆ ಅದರ ಅರ್ಥ ತಿಳಿಯದೆಂಬ ಧೈರ್ಯದಿಂದ ಬಳಸಿದ್ದು. ಇದರಿಂದ ಐರಿಷರಿಗೆ ತಮ್ಮ ಭಾಷೆಯ ಹೆಸರೇ ಬೇರೆಯವರ ಬಾಯಲ್ಲಿ ಬೈಗುಳದಂತೆ ಕೇಳಿಸಿತು.

ಈ ನಾಲ್ಕನೆಯ ವಿಧಿ ದೆಹಲಿಯಲ್ಲೂ ಒಮ್ಮೆ ಪ್ರತಿಧ್ವನಿಸಿತು. 1949ರ ಸೆಪ್ಟೆಂಬರ್ 18ರಂದು ನಮ್ಮ ಸಂವಿಧಾನ ಸಭೆಯಲ್ಲಿ ದೇಶದ ಹೆಸರಿನ ಚರ್ಚೆ ನಡೆದಾಗ, ಮಂಗಳೂರಿನಲ್ಲಿ ಹುಟ್ಟಿದ ಹರಿವಿಷ್ಣು ಕಾಮತರು ಐರಿಷ್ ಸಂವಿಧಾನವನ್ನು ಉದಾಹರಿಸಿ, ‘ಭಾರತ, ಇಂಗ್ಲಿಷ್ ಭಾಷೆಯಲ್ಲಿ ಇಂಡಿಯ’ ಎಂದಿರಬೇಕೆಂದು ತಿದ್ದುಪಡಿ ಸೂಚಿಸಿದರು. ತಿದ್ದುಪಡಿ ಬಿದ್ದುಹೋಯಿತು.

ಅದೇ 1949ರ ಏಪ್ರಿಲ್ 18ರಂದು ಡಬ್ಲಿನ್ ಕಾಮನ್‌ವೆಲ್ತನ್ನು ತೊರೆದು, ‘ಐರ್ಲೆಂಡ್ ಗಣರಾಜ್ಯ’ ಎಂಬುದನ್ನು ರಾಷ್ಟ್ರದ ವರ್ಣನೆಯಾಗಿ ಸ್ವೀಕರಿಸಿತು. ವರ್ಣನೆ, ಹೆಸರಲ್ಲ ಎಂಬುದನ್ನು ಗಮನಿಸಬೇಕು. ಲಂಡನ್ ಸಂತೋಷದಿಂದ ಆ ವರ್ಣನೆಯನ್ನೇ ಹೆಸರಾಗಿ ಹಿಡಿದುಕೊಂಡಿತು. ಮುಂದೆ ಈ ಎರಡು ಸರ್ಕಾರಗಳು ಒಂದು ಕಾಗದಕ್ಕೆ ರುಜು ಹಾಕುವುದೇ ದುಸ್ತರವಾಯಿತು. 1985ರ ನವೆಂಬರಿನಲ್ಲಿ ಹಿಲ್ಸ್‌ಬರೋದಲ್ಲಿ ಮಾರ್ಗರೆಟ್ ಥ್ಯಾಚರ್ ಮತ್ತು ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಮಾಡಿಕೊಂಡ ಒಪ್ಪಂದಕ್ಕೆ ಎರಡು ಬೇರೆ ಬೇರೆ ಪ್ರತಿಗಳು ಸಿದ್ಧವಾದವು. ಒಂದರ ತಲೆಬರಹದಲ್ಲಿ ‘ಗ್ರೇಟ್ ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ಯುನೈಟೆಡ್ ಕಿಂಗ್‌ಡಮ್’ ಮತ್ತು ‘ಐರ್ಲೆಂಡ್ ಗಣರಾಜ್ಯ’. ಇನ್ನೊಂದರಲ್ಲಿ ‘ಐರ್ಲೆಂಡ್’ ಮತ್ತು ಬರಿಯ ‘ಯುನೈಟೆಡ್ ಕಿಂಗ್‌ಡಮ್’. ಆತ ತನ್ನ ಹೆಸರನ್ನು ಪೂರ್ತಿಯಾಗಿ ಬರೆದುಕೊಂಡರೆ ಈತ ಅದನ್ನು ಮೊಟಕು ಮಾಡುತ್ತಾನೆ. ದಾಯಾದಿಗಳ ಪತ್ರವ್ಯವಹ‍ಾರವನ್ನು ಕಂಡವರಿಗೆ ಇದು ಹೊಸದಲ್ಲ. 1989ರಲ್ಲಿ ಡಬ್ಲಿನ್ನಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರು, ಆರೋಪಿಗಳನ್ನು ಒಪ್ಪಿಸಿರೆಂದು ಬರುವ ವಾರಂಟುಗಳಲ್ಲಿ ರಾಷ್ಟ್ರದ ಹೆಸರು ಸರಿಯಾಗಿರದಿದ್ದರೆ ತಿದ್ದಿ ತರಲು ಹಿಂದಕ್ಕೆ ಕಳಿಸಬೇಕೆಂದರು.

ಉತ್ತರದ ಆರು ಕೌಂಟಿಗಳ ವಿಷಯದಲ್ಲಂತೂ ಬಾಯಿ ತೆರೆದರೆ ಪಕ್ಷ ಹಿಡಿದಂತೆ. ಬ್ರಿಟನ್ನಿನೊಡನೆ ಇರಬೇಕೆನ್ನುವ ಯೂನಿಯನಿಸ್ಟರು ಅದನ್ನು ಅಲ್‌ಸ್ಟರ್ ಎನ್ನುತ್ತಾರೆ, ಗ್ರೇಟ್ ಬ್ರಿಟನ್ನನ್ನು ‘ಮುಖ್ಯ ಭೂಮಿ’ ಎನ್ನುತ್ತಾರೆ. ಐರ್ಲೆಂಡಿನೊಡನೆ ಕೂಡಬೇಕೆನ್ನುವವರು ‘ಆರು ಕೌಂಟಿಗಳು’ ಎನ್ನುತ್ತಾರೆ, ಇಲ್ಲವೆ ಬರಿದೆ ‘ಉತ್ತರ’ ಎನ್ನುತ್ತಾರೆ. ಮೂಲತಃ ಅಲ್‌ಸ್ಟರ್ ಎಂಬ ಪ್ರಾಂತದಲ್ಲಿ ಒಂಬತ್ತು ಕೌಂಟಿಗಳಿವೆ. ಅವುಗಳಲ್ಲಿ ಮೂರು ಗಡಿಯ ಈಚೆಗಿವೆ. ಆ ಮೂರರಲ್ಲೊಂದಾದ ಡೊನಿಗಾಲಿನ ಮಾಲಿನ್ ಭೂಶಿರ ಇಡೀ ದ್ವೀಪದ ಅತ್ಯಂತ ಉತ್ತರದ ತುದಿ. ‘ದಕ್ಷಿಣ’ವೆಂದು ಕರೆಯಲ್ಪಡುವ ರಾಷ್ಟ್ರ ‘ಉತ್ತರ’ಕ್ಕಿಂತ ಉತ್ತರಕ್ಕಿದೆ! ನಮ್ಮ ಸೋದರಿ ನಿವೇದಿತಾ 1867ರಲ್ಲಿ ಹುಟ್ಟಿದ ಡಂಗ್ಯಾನನ್ ಊರು ಈಗ ಉತ್ತರ ಐರ್ಲೆಂಡಿನಲ್ಲಿದೆ. ಆಕೆ ಹುಟ್ಟಿದಾಗ ಗಡಿಯೂ ಇರಲಿಲ್ಲ, ಆ ಹೆಸರೂ ಇರಲಿಲ್ಲ.

ಹೆಸರಿನ ಜಗಳಕ್ಕೆ ಒಂದು ರಾಜಧಾನಿಯಿದ್ದರೆ ಅದು ಡೆರಿ ಎಂಬ ಪಟ್ಟಣ. ಲಂಡನ್‌ಡೆರಿ ಎಂದೂ ಹೇಳಬಹುದು. ಯಾವುದನ್ನು ಮೊದಲು ಹೇಳಿದೆ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ‘ದೊರ’ ಎಂದರೆ ಐರಿಷ್ ಭಾಷೆಯಲ್ಲಿ ಓಕ್ ಮರಗಳ ತೋಪು. ಸಂತ ಕೊಲಂಬ ಆರನೆಯ ಶತಮಾನದಲ್ಲಿ ಅಲ್ಲಿ ಮಠವನ್ನು ಕಟ್ಟಿದನೆಂದು ಪ್ರತೀತಿ. 1613ರಲ್ಲಿ ಒಂದನೆಯ ಜೇಮ್ಸ್ ದೊರೆ, ಹೊಸ ವಲಸೆಯ ಪಟ್ಟಣವನ್ನು ಕಟ್ಟಲು ಲಂಡನ್ನಿನ ವರ್ತಕ ಶ್ರೇಣಿಗಳಿಗೆ ಸನ್ನದು ಕೊಟ್ಟಾಗ ತೋಪಿನ ಹಿಂದೆ ಲಂಡನ್ ಬಂದು ಸೇರಿತು. ಸುತ್ತ ಕೋಟೆ ಎದ್ದಿತು. 1689ರಲ್ಲಿ ಕೆಥೊಲಿಕ್ ದೊರೆ ಎರಡನೆಯ ಜೇಮ್ಸನ ಸೈನ್ಯ ಆ ಕೋಟೆಯನ್ನು 105 ದಿನ ಮುತ್ತಿತು. ಒಳಗಿದ್ದ ಪ್ರಾಟೆಸ್ಟಂಟರು ಹಸಿವಿನಿಂದ ಸತ್ತರೂ ಬಾಗಿಲು ತೆರೆಯಲಿಲ್ಲ. ಆಪ್ತರು ಸಾಯುವುದನ್ನು ಕಂಡೂ ಬಿಟ್ಟುಕೊಡದ ಆ ಊರಿನ ಹೆಸರಿನಲ್ಲಿ ಒಂದಕ್ಷರವನ್ನೂ ಬಿಡಲಾರೆವೆಂದು ಅವರ ವಂಶಜರು ಹೇಳಿದರೆ ನಾವು ನಗಬಾರದು. ಅದೇ ಊರಿನಲ್ಲಿ 1972ರ ಜನವರಿ 30ರಂದು ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಹದಿಮೂರು ಜನರನ್ನು ಕೊಂದರು. ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಆ ಹೆಸರಿನ ಮೊದಲ ಅರ್ಧವನ್ನು ಉಚ್ಚರಿಸಲಾರೆವೆಂದು ಅವರ ಕಡೆಯವರು ಹೇಳಿದರೂ ನಗಬಾರದು.

1984ರಲ್ಲಿ ಐರಿಷ್ ಪಕ್ಷದವರ ಬಹುಮತವಿದ್ದ ನಗರಸಭೆ ತನ್ನ ಹೆಸರನ್ನು ಡೆರಿ ನಗರಸಭೆಯೆಂದು ಬದಲಾಯಿಸಿಕೊಂಡಿತು. ಆದರೆ ನಗರದ ಹೆಸರು ಬದಲಾಗಲಿಲ್ಲ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 2007ರಲ್ಲಿ, ಹಳೆಯ ರಾಜಸನ್ನದಿನಂತೆ ನಗರದ ಹೆಸರು ಲಂಡನ್‌ಡೆರಿಯೇ ಎಂದು ತೀರ್ಪಾಯಿತು. ಲಂಡನ್‌ಡೆರಿಯೊಳಗೆ ಡೆರಿ ನಗರಸಭೆ! ಗಡಿಯ ಉತ್ತರಕ್ಕೆ ದಾರಿಫಲಕಗಳಲ್ಲಿ ‘ಲಂಡನ್’ ಎಂಬ ಭಾಗಕ್ಕೆ ಯಾರೋ ಬಣ್ಣ ಬಳಿದಿರುವುದು ಅಪರೂಪವಲ್ಲ. ದಕ್ಷಿಣದ ಫಲಕಗಳಲ್ಲಿ ಆ ಭಾಗ ಮೊದಲೇ ಇರುವುದಿಲ್ಲ. ಬಿ.ಬಿ.ಸಿ. ವಾರ್ತೆಯಲ್ಲಿ ಮೊದಲ ಸಲ ಲಂಡನ್‌ಡೆರಿ, ಆಮೇಲೆ ಡೆರಿ ಎನ್ನುವ ಪದ್ಧತಿ ಬೆಳೆಯಿತು. ಆ ಊರಿನ ಬಾನುಲಿ ನಿರೂಪಕ ಗೆರ್ರಿ ಆಂಡರ್ಸನ್, ಎರಡು ಹೆಸರುಗಳ ನಡುವೆ ಬರೆಯುವ ಓರೆಗೆರೆಯನ್ನೇ ಹಿಡಿದು ‘ಓರೆಗೆರೆಯ ನಗರ’ ಎಂದು ಹೊಸ ಹೆಸರಿಟ್ಟ. ಎರಡು ಪಕ್ಷದವರೂ ನಕ್ಕು ಬಳಸಿದ ಹೆಸರು ಅದೊಂದೇ ಇರಬೇಕು.

ಇಷ್ಟಾದರೂ ಮನುಷ್ಯರ ನಾಲಗೆ ಅವರ ಪಕ್ಷದ ಮಾತನ್ನು ಪೂರ್ತಿಯಾಗಿ ಕೇಳುವುದಿಲ್ಲ. ಮುತ್ತಿಗೆಯ ನೆನಪನ್ನು ವರ್ಷವರ್ಷವೂ ಆಚರಿಸುವ ಪ್ರಾಟೆಸ್ಟಂಟ್ ಸಂಘದ ಹೆಸರು ‘ಡೆರಿಯ ಅಪ್ರೆಂಟಿಸ್ ಹುಡುಗರು’. ಅಲ್ಲಿ ಲಂಡನ್ ಇಲ್ಲ. ಇತ್ತ, ಲೋಕದ ಮೂಲೆಮೂಲೆಯಲ್ಲಿ ಐರಿಷ್ ವಲಸೆಗಾರರು ಕಣ್ಣೀರಿಡುತ್ತ ಹಾಡುವ ‘ಡ್ಯಾನಿ ಬಾಯ್’ ಗೀತೆಯ ಮಟ್ಟಿಗೆ ‘ಲಂಡನ್‌ಡೆರಿಯ ರಾಗ’ವೆಂದೇ ಹೆಸರು. ಆ ಕೌಂಟಿಯ ಲಿಮವಾಡಿ ಎಂಬಲ್ಲಿ ಜೇನ್ ರಾಸ್ ಎಂಬಾಕೆ ಕೇಳಿ ಬರೆದುಕೊಂಡ ಮಟ್ಟು ಅದು. 1855ರಲ್ಲಿ ಪ್ರಕಟಿಸಿದವನು ಜಾರ್ಜ್ ಪೆಟ್ರಿ. ಮೋಜಣಿಯ ಕಾಲದಲ್ಲಿ ಓಡೊನೊವನ್ ಕೆಲಸ ಮಾಡಿದ್ದು ಇದೇ ಪೆಟ್ರಿಯ ಕೈಕೆಳಗೆ. ಹಾಡಿನ ಮಾತುಗಳನ್ನು ಬರೆದವನು ಫ್ರೆಡ್ ವೆದರ್ಲಿ, ಇಂಗ್ಲಿಷ್ ವಕೀಲ.

ಕೊನೆಗೆ 1998ರ ಏಪ್ರಿಲ್ 10ರಂದು ಬೆಲ್‌ಫಾಸ್ಟಿನಲ್ಲಿ ರಾಜಿಯಾಯಿತು. ಮೂರು ದಶಕಗಳಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಆ ದಿನ ಗುಡ್ ಫ್ರೈಡೆ. ರಾಜಿಗೆ ಒಂದು ಪಕ್ಷ ‘ಗುಡ್ ಫ್ರೈಡೆ ಒಪ್ಪಂದ’ವೆಂದಿತು, ಇನ್ನೊಂದು ‘ಬೆಲ್‌ಫಾಸ್ಟ್ ಒಪ್ಪಂದ’ವೆಂದಿತು. ಹಾಗೆನ್ನಲಿ. ಆ ಒಪ್ಪಂದವನ್ನು ಓದಿದಾಗ ನನ್ನ ಮನಸ್ಸಿಗೆ ತಾಗಿದ್ದು ಅದು ಹೆಸರುಗಳನ್ನು ನಡೆಸಿಕೊಂಡ ರೀತಿ. 1921ರಲ್ಲಿ ಒಂದೇ ಪದದಲ್ಲಿ ಎರಡು ಅರ್ಥವನ್ನು ಬಚ್ಚಿಟ್ಟಿದ್ದರು. ಇಲ್ಲಿ ಬಚ್ಚಿಡುವ ಪ್ರಯತ್ನವಿಲ್ಲ. ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದವರು ತಮ್ಮನ್ನು ಐರಿಷರೆಂದಾಗಲಿ, ಬ್ರಿಟಿಷರೆಂದಾಗಲಿ, ಎರಡೂ ಎಂದಾಗಲಿ ಕರೆದುಕೊಳ್ಳಬಹುದು. ಎರಡು ಸರ್ಕಾರಗಳೂ ಅದನ್ನು ಮಾನ್ಯ ಮಾಡುತ್ತವೆ. ಎರಡು ರಾಷ್ಟ್ರಗಳು ಒಂದನ್ನೊಂದು ಸಂವಿಧಾನದಲ್ಲಿರುವ ಹೆಸರಿನಿಂದಲೇ ಕರೆದವು. ಡಬ್ಲಿನ್ ಇಡೀ ದ್ವೀಪ ತನ್ನ ಭೂಪ್ರದೇಶವೆಂಬ ಮಾತನ್ನು ಸಂವಿಧಾನದಿಂದ ಕೈಬಿಡಲು ಒಪ್ಪಿತು. ಲಂಡನ್ ‘ಐರ್ಲೆಂಡ್’ ಎಂಬ ಹೆಸರನ್ನು ಒಪ್ಪಿತು. ದ್ವೀಪಸಮೂಹವನ್ನು ಹೆಸರಿಸಬೇಕಾದಲ್ಲೆಲ್ಲ ಒಪ್ಪಂದ ಬರೆದವರು ‘ಈ ದ್ವೀಪಗಳು’ ಎಂದಷ್ಟೇ ಬರೆದರು.

ಒಪ್ಪಂದದಿಂದ ಜನರು ಒಂದಾಗಿಬಿಟ್ಟರೆಂದು ತಿಳಿಯಬಾರದು. 2021ರ ಜನಗಣತಿಯಲ್ಲಿ ಉತ್ತರ ಐರ್ಲೆಂಡಿನ ಶೇಕಡ 31.9 ಮಂದಿ ತಾವು ಬ್ರಿಟಿಷರು ಮಾತ್ರ ಎಂದರು; ಶೇಕಡ 29.1 ಮಂದಿ ಐರಿಷರು ಮಾತ್ರ ಎಂದರು. ಶೇಕಡ 19.8 ಮಂದಿ ‘ಉತ್ತರ ಐರಿಷರು’ ಮಾತ್ರ ಎಂದರು. ಗಡಿಯ ಕೃತಕ ಫಲವೆಂದು ಒಂದು ಪಕ್ಷ ಹಳಿಯುತ್ತಿದ್ದ ಹೆಸರಿನಲ್ಲೇ ಐವರಲ್ಲೊಬ್ಬರು ಮನೆ ಮಾಡಿಕೊಂಡಿದ್ದಾರೆ. ದೊಡ್ಡ ದ್ವೀಪದಲ್ಲೂ ನೆಮ್ಮದಿಯೇನಿಲ್ಲ. ಒಲಿಂಪಿಕ್ಸಿನಲ್ಲಿ ‘ಟೀಮ್ ಜಿ.ಬಿ.’ ಎಂಬ ಹೆಸರು ತಮ್ಮನ್ನು ಬಿಟ್ಟಿದೆಯೆಂದು ಉತ್ತರ ಐರ್ಲೆಂಡಿನ ಬ್ರಿಟಿಷ್ ನಿಷ್ಠರೇ ಗೊಣಗುತ್ತಾರೆ. ವೇಲ್ಸ್ ಎಂಬುದೇ ಇಂಗ್ಲಿಷರ ಪೂರ್ವಿಕರು ಪರಕೀಯರಿಗೆ ಇಟ್ಟ ಹೆಸರು. ಅಲ್ಲಿಯ ಜನ ತಮ್ಮನ್ನು ಒಡನಾಡಿಗರು ಎಂಬರ್ಥದ ‘ಕಮ್ರಿ’ ಎಂಬ ಪದದಿಂದ ಕರೆದುಕೊಳ್ಳುತ್ತಾರೆ. ಬ್ರೆಕನ್ ಬೀಕನ್ಸ್ ಎಂಬ ಅವರ ರಾಷ್ಟ್ರೀಯ ಉದ್ಯಾನ 2023ರಲ್ಲಿ ‘ಬನ್ನೈ ಬ್ರಚೇನಿಯೋಗ್’ ಎಂಬ ತನ್ನ ವೇಲ್ಸ್ ಭಾಷೆಯ ಹೆಸರನ್ನು ಮುಂದಿಟ್ಟಿತು.

ನನ್ನ ಭೂಪಟದ ಗತಿಯನ್ನು ಹೇಳಬೇಕಲ್ಲ. ‘ಈ ದ್ವೀಪಗಳು’ ಎಂದು ಬರೆಯುವುದು ಒಪ್ಪಂದದವರಿಗೆ ಸಾಧ್ಯವಾಯಿತು. ಅವರು ಅಲ್ಲೇ ನಿಂತಿದ್ದರು. ಬೆಂಗಳೂರಿನಲ್ಲಿ ಕೂತು ನಾನು ಹಾಗೆ ಬರೆದರೆ ಅಂಡಮಾನ್ ಎಂದು ಓದಿಯಾರು. ಹಲವು ಸಲ ಹೊಡೆದು ಬರೆದು, ಕೊನೆಗೆ ‘ಬ್ರಿಟನ್ ಮತ್ತು ಐರ್ಲೆಂಡ್’ ಎಂದು ಉಳಿಸಿ, ಕರಡನ್ನು ಮತ್ತೆ ಪಾದ್ರಿಗಳ ಬಳಿಗೆ ಒಯ್ದೆ. ಅವರು ಕನ್ನಡಕವನ್ನೇರಿಸಿಕೊಂಡು ದ್ವೀಪದ ಉತ್ತರ ದಂಡೆಯ ಮೇಲೆ ಬೆರಳನ್ನಿಟ್ಟರು. ಅಲ್ಲಿ ಒಂದು ಚುಕ್ಕೆಯ ಪಕ್ಕದಲ್ಲಿ, ಜಾಗ ಸಾಲದೆ ಅಕ್ಷರಗಳನ್ನು ಒತ್ತೊತ್ತಾಗಿಸಿ, ನಾನು ಎರಡು ಹೆಸರನ್ನೂ ಬರೆದಿದ್ದೆ. ಸ್ವಲ್ಪ ಹೊತ್ತು ನೋಡಿದರು. ಸೀಸದಕಡ್ಡಿ ಅಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.